ಒಳಗೆ ವಾಲದ ಕಾಗದ

ಕ್ಷಯರೋಗದ ಅಣುಜೀವಿಯನ್ನು ರೋಗಿಯ ಕಫದಿಂದ ಬೇರ್ಪಡಿಸಿ, ಸೀಸೆಯಲ್ಲಿ ಬೆಳೆಸಿ, ಅದು ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ಖಚಿತವಾಗಿ ಹೇಳಬಲ್ಲ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟು, ಮೂವತ್ತಾರು ವರ್ಷ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ದುಡಿದು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ಈ ಶಾಸ್ತ್ರದವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಸಾಂಕ್ರಾಮಿಕ ರೋಗಗಳ ಬಗ್ಗೆ ಕೆಲಸ ಮಾಡುವ ಇಂದಿನ ತಲೆಮಾರಿನಲ್ಲಿ ಅವರ ಪಾಠ ಕೇಳದವರು ವಿರಳ. ಅವರಿಂದ ಒಮ್ಮೆಯಾದರೂ ಬೈಸಿಕೊಳ್ಳದವರು ಇಲ್ಲವೇ ಇಲ್ಲ. ಆದರೂ ಅವರ ಶಿಷ್ಯರು ಅವರಿಗೆ ಇಟ್ಟ ಅಡ್ಡಹೆಸರು ವಿದ್ವತ್ತಿಗಾಗಲಿ ಕೋಪಕ್ಕಾಗಲಿ ಸಂಬಂಧಿಸಿದ್ದಲ್ಲ. ಮೂರು ದಶಕಗಳಿಂದ ಅವರು ಎಲ್ಲರಿಗೂ 'ಪುಕ್ಕಲು ಮೇಡಂ'. ಅದು ಅವರಿಗೂ ಗೊತ್ತು. ಒಮ್ಮೆ ಹೊಸದಾಗಿ ಸೇರಿದವನೊಬ್ಬ ಬಾಯಿತಪ್ಪಿ ಅವರೆದುರೇ ಹಾಗೆಂದು ನಾಲಿಗೆ ಕಚ್ಚಿಕೊಂಡಾಗ, "ಪುಕ್ಕಲು ಅಂದ್ರೆ ಪುಕ್ಕಲೇ ಕಣಪ್ಪ. ಧೈರ್ಯ ಇರೋರಿಗೆ ಆ ರೂಮಲ್ಲಿ ಕೆಲಸ ಇಲ್ಲ," ಎಂದು ಹೇಳಿ ಅವನ ಮಾಸ್ಕಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದಿದ್ದರು.

ಈ ಅಭಿನಂದನ ಸಂಪುಟದ ಪ್ರಸ್ತಾಪ ಹೋದಾಗ ಮೇಡಂ ಮೊದಲು ಬೇಡವೆಂದರು. ಎರಡನೆಯ ಸಲ ಕೇಳಿದಾಗ ಒಂದು ಕರಾರು ಹಾಕಿದರು. "ನನ್ನ ಬಗ್ಗೆ ಬರೀತೀರಾದ್ರೆ ಆನ್‌ಲೈನ್ ಸಮ್ಮೇಳನದ ದಿನದ್ದನ್ನೂ ಬರೀಬೇಕು. ನಯವಾಗಿ ಅಲ್ಲ, ಇದ್ದದ್ದು ಇದ್ದ ಹಾಗೆ. ಅದನ್ನ ಬಿಟ್ಟು ಹೊಗಳೋ ಪುಸ್ತಕ ನನಗೆ ಬೇಡ." ಆದಕಾರಣ ಅವರ ಸಾಧನೆಯ ಪಟ್ಟಿಯನ್ನು, ಪ್ರಬಂಧಗಳನ್ನು, ಪುರಸ್ಕಾರಗಳನ್ನು ಸಂಪಾದಕರ ಅನುಬಂಧಕ್ಕೆ ಬಿಟ್ಟು, ಈ ಲೇಖನವು ಅವರ ಭಯದ ಚರಿತ್ರೆಯನ್ನು ಹೇಳಲು ಹೊರಟಿದೆ.

ಮೇಡಂ ಹುಟ್ಟಿನಿಂದ ಪುಕ್ಕಲರಾಗಿರಲಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಅವರು ಮೂರನೆಯ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರಂತೆ. ಆ ಮಹಡಿಯ ಓಣಿಯ ತುದಿಯಲ್ಲಿ ಆ ಕೋಣೆ ಇತ್ತು, ಇಂದಿಗೂ ಇದೆ. ಎರಡು ಬಾಗಿಲು, ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಒಳಗೆ ಗೋಡೆಗೆ ತಗುಲಿ ನಿಂತ ಉಕ್ಕಿನ ದೊಡ್ಡ ಪೆಟ್ಟಿಗೆ, ಅದರ ಮುಂದೆ ಇಳಿಬಿದ್ದ ಗಾಜು, ಗಾಜಿನ ಕೆಳಗೆ ಎರಡು ಕೈ ತೂರುವಷ್ಟು ಸಂದು. ಇದಕ್ಕೆ 'ಹುಡ್' ಎನ್ನುತ್ತಾರೆ. ಅದರೊಳಗಿನ ಫ್ಯಾನು ಕೋಣೆಯ ಗಾಳಿಯನ್ನು ಆ ಸಂದಿನಿಂದ ಒಳಗೆಳೆದು, ಫಿಲ್ಟರಿನಲ್ಲಿ ಸೋಸಿ ಮೇಲಕ್ಕೆ ಬಿಡುತ್ತದೆ. ಹಾಗೆ ಎಳೆಯುವವರೆಗೂ ಒಳಗಿನ ರೋಗಾಣು ಹೊರಗಿನ ಮನುಷ್ಯನ ಮೂಗಿಗೆ ಬರಲಾರದು. ಎಳೆತ ನಿಂತರೆ ಹುಡ್ ಎನ್ನುವುದು ಬರೀ ಒಂದು ತೆರೆದ ಕಪಾಟು.

ಆಗ ಆ ಕೋಣೆಯ ಒಡತಿ ಎಂದರೆ ಮೇಡಂಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ತಂತ್ರಜ್ಞೆ. ಮೇಡಂ ಅವರನ್ನು 'ಅಕ್ಕ' ಎಂದೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ವೇಗವಾಗಿ ತಿರುಗುವ ಯಂತ್ರದೊಳಗೆ ಗಾಜಿನ ಟ್ಯೂಬೊಂದು ಸಿಡಿಯಿತು. ಗಾಳಿಗೆ ಸಿಡಿದ ರೋಗಾಣು ತಳ ಸೇರುವವರೆಗೆ, ಅರ್ಧ ಗಂಟೆ ಮುಚ್ಚಳ ತೆರೆಯದೆ ಕಾಯಬೇಕಾದದ್ದು ನಿಯಮ. ಆದರೆ ಅದು ದೂರದಿಂದ ನಡೆದು ಬಂದ ಬಾಣಂತಿಯೊಬ್ಬಳ ಮಾದರಿ. ಅವಳನ್ನು ಮತ್ತೆ ಕರೆಸುವುದು ಹೇಗೆಂದು ಅಕ್ಕನ ಕರುಳು ಚುರ್ರೆಂದಿತು. "ಏನಾಗಲ್ಲ ಬಿಡೇ," ಎಂದು ತೆರೆದೇಬಿಟ್ಟರು. ಹನ್ನೊಂದು ತಿಂಗಳಿಗೆ ಅಕ್ಕ ತೀರಿಕೊಂಡರು. ಅವರ ಕಫವನ್ನು ಸೀಸೆಯಲ್ಲಿ ಬೆಳೆಸಿ, ಯಾವ ಔಷಧಿಗೂ ಬಗ್ಗುತ್ತಿಲ್ಲವೆಂದು ವರದಿಗೆ ಸಹಿ ಹಾಕಿದವರು ಮೇಡಂ. ಅಂದಿನಿಂದ ಅವರ ಪ್ರಯೋಗಾಲಯದಲ್ಲಿ 'ಏನಾಗಲ್ಲ' ಎನ್ನುವ ಮಾತಿಗೆ ಪ್ರವೇಶವಿಲ್ಲ.

ಕಾಗದದ ಚೂರು ಬಂದದ್ದು ಆ ಮೇಲೆ. ನಮ್ಮ ಹುಡ್ ಹಳೆಯದು, ಎಳೆತ ತಗ್ಗಿದರೆ ಎಚ್ಚರಿಸುವ ಗಂಟೆ ಅದಕ್ಕಿಲ್ಲ. ಮೇಡಂ ತೆಳುವಾದ ಕಾಗದವನ್ನು ಬೆರಳಗಲಕ್ಕೆ ಸೀಳಿ ಗಾಜಿನ ಕೆಳ ಅಂಚಿಗೆ ಅಂಟಿಸಿದರು. ಫ್ಯಾನು ಸರಿಯಾಗಿ ಎಳೆಯುತ್ತಿದ್ದರೆ ಚೂರು ಒಳಗೆ ವಾಲುತ್ತದೆ. ಇಲ್ಲವಾದರೆ ನೆಟ್ಟಗೆ ನೇತಾಡುತ್ತದೆ. ಕಾಗದ ವಾಲಿದ ಮೇಲೆ ಕೈ, ಅದಕ್ಕೆ ಮೊದಲು ಇಲ್ಲ. ದೊಡ್ಡ ದೊಡ್ಡ ಯಂತ್ರಗಳ ಮಾತಾಡುವವರು ನೋಡಿ ನಕ್ಕರು. ಮೇಡಂ ಪ್ರತಿ ಸೋಮವಾರ ಹೊಸ ಚೂರು ಅಂಟಿಸುವುದನ್ನು ಬಿಡಲಿಲ್ಲ.

ಈ ಹೆದರಿಕೆ ಅವರ ಮನೆಗೂ ಹೋಗುತ್ತಿತ್ತು. ಶಾಲಾ ಮೇಷ್ಟರಾದ ಅವರ ಯಜಮಾನರು ಸಿಕ್ಕವರ ಹತ್ತಿರವೆಲ್ಲ ಹೇಳುವುದುಂಟು: "ನಮ್ಮನೆ ಗ್ಯಾಸ್ ಸಿಲಿಂಡರಿಗೂ ಇವಳಿಗೂ ಮೂವತ್ತು ವರ್ಷದ ಮನಸ್ತಾಪ. ಮಲಗೋ ಮುಂಚೆ ಮೂರು ಸಲ ಹೋಗಿ ಕಿವಿ ಹಿಂಡಿ ಬರ್ತಾಳೆ."

ಆದರೆ ಭಯಪಡುವವರು ಬೇರೆಯವರ ಭಯವನ್ನೂ ಬಲ್ಲರು. ಔಷಧಿಗೆ ಬಗ್ಗದ ಕ್ಷಯವೆಂಬ ವರದಿಯನ್ನು ಅವರು ಎಂದೂ ಕಿಟಕಿಯಿಂದ ಕೊಟ್ಟವರಲ್ಲ. ರೋಗಿಯನ್ನು ಒಳಗೆ ಕರೆದು, ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳಿ, ಆ ಮೇಲೆ ಕಾಗದ ಬಿಚ್ಚುತ್ತಿದ್ದರು. ವರದಿ ಓದಲು ಎರಡು ನಿಮಿಷ, ಎದುರಿನವರು ಅಳುವುದಕ್ಕೆ ಎಷ್ಟು ಬೇಕೋ ಅಷ್ಟು ಹೊತ್ತು.

ಅವರ ಉಪಕಾರಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ಪ್ರಯೋಗಾಲಯದ ಸೀಸೆ, ಟ್ಯೂಬುಗಳನ್ನು ತೊಳೆಯಲು ಹತ್ತೊಂಬತ್ತು ವರ್ಷದ ಒಬ್ಬ ಸೇರಿದ್ದ. ಅವನ ಕೈಯಿಂದ ಒಂದು ಗಾಜೂ ಜಾರದು. ಆದ್ದರಿಂದ ಎಲ್ಲರ ಬಾಯಲ್ಲೂ ಅವನು 'ಗಾಜಣ್ಣ' ಆದ. ಅವನಿಗೆ ಓದು ಬರುತ್ತಿರಲಿಲ್ಲ. ಸೀಸೆಗಳ ಮೇಲಿನ ಬಣ್ಣದ ಚೀಟಿ ನೋಡಿ ಕೆಲಸ ಸಾಗಿಸುತ್ತಿದ್ದ. ತೊಳೆದ ಸೀಸೆಗಳನ್ನು ಹಬೆಯಲ್ಲಿ ಬೇಯಿಸುವ ಆಟೋಕ್ಲೇವಿನ ಮುಂದೆ ದಿನವೂ ನಲವತ್ತು ನಿಮಿಷ ಕೂರಬೇಕಿತ್ತು. ಆ ನಲವತ್ತು ನಿಮಿಷವನ್ನು ಮೇಡಂ ಪಾಠಶಾಲೆ ಮಾಡಿದರು. ಗಾಜಿನ ಮೇಲೆ ಬರೆಯುವ ಪೆನ್ಸಿಲ್ಲಿನಿಂದ ಹಳೆಯ ತಟ್ಟೆಯ ಮೇಲೆ ಅಕ್ಷರ. ಗಾಜಣ್ಣ ತನ್ನ ಸ್ವಂತ ಬಲದಿಂದ ಮೊಟ್ಟಮೊದಲು ಓದಿದ ಮಾತು ಬಾಗಿಲ ಮೇಲಿದ್ದ 'ಅಪಾಯ'. "ಹನ್ನೊಂದು ತಿಂಗಳಿಂದ ಇದರ ಕೆಳಗೇ ಓಡಾಡ್ತಿದ್ದೆ, ಯಾರೂ ಹೇಳಲೇ ಇಲ್ಲವಲ್ಲ ಮೇಡಂ!" ಎಂದನಂತೆ. ಕಾಲ ಕಳೆದಂತೆ ಗಾಜಣ್ಣ ಹಿರಿಯ ಸಹಾಯಕರಾದರು, ಅವರ ಸಕ್ಕರೆ ಕಾಯಿಲೆಗೆ ಹದಿನೈದು ವರ್ಷವಾಯಿತು. ಆದರೆ ಇಂದಿಗೂ ಅವರು ಓದುವುದು ಅಂದಿನ ಹಾಗೆಯೇ: ತುಟಿ ಅಲ್ಲಾಡಿಸುತ್ತಾ, ಅಕ್ಷರಕ್ಕೊಂದು ಉಸಿರು ಕೊಟ್ಟು.

ಈಗ ಆ ದಿನ. ಇದಕ್ಕೆ ಎರಡು ವರ್ಷ ತುಂಬಲು ಇನ್ನೂ ಕೆಲವು ವಾರವಿದೆ.

ಸಾಂಕ್ರಾಮಿಕ ರೋಗ ಸಂಶೋಧಕರ ಆನ್‌ಲೈನ್ ಸಮ್ಮೇಳನದ ಸಂಚಾಲಕತ್ವ ಆ ವರ್ಷ ಮೇಡಂ ಅವರದಾಗಿತ್ತು. ನಾಡಿನ ಮೂಲೆಮೂಲೆಯಿಂದ ನಾನೂರು ಜನ ಹೆಸರು ನೋಂದಾಯಿಸಿದ್ದರು. ಅವರಲ್ಲಿ ಬಹಳಷ್ಟು ಮಂದಿ ಸಣ್ಣ ಊರುಗಳ ಪ್ರಯೋಗಾಲಯದವರು; ಪ್ರಯಾಣ ಮಾಡಿ ಬಂದು ಕಲಿಯುವ ಅನುಕೂಲವಿಲ್ಲದವರು. ಅವರು ಕೇಳಿದ್ದು ಒಂದೇ: ಭಾಷಣ ಸಾಕು, ನೀವು ಕೆಲಸ ಮಾಡುವುದನ್ನು ಮಾಡುವ ಹಾಗೇ ತೋರಿಸಿ. ಮೇಡಂ ಮೂರು ವಾರ ಒಪ್ಪಲಿಲ್ಲ. ಬೆಳೆದ ರೋಗಾಣುವಿನ ಟ್ಯೂಬನ್ನು ತೆರೆಯುವ ಹೊತ್ತು ಯಾರೂ ಮಾತಾಡಿಸಬಾರದೆಂಬುದು ಅವರದೇ ನಿಯಮ. ಕೊನೆಗೆ, ತಪ್ಪಾಗಿ ಮಾಡುತ್ತಿರುವ ನೂರು ಕೈಗಳು ನೋಡಿ ತಿದ್ದಿಕೊಂಡಾವೆಂಬ ಆಸೆಗೆ ಒಪ್ಪಿದರು. ಹುಡ್‌ನ ಮುಂದೆ ಕೂರುವವಳು ಅವರ ಕೊನೆಯ ಪಿಎಚ್.ಡಿ. ವಿದ್ಯಾರ್ಥಿನಿ, ಫೋನು ಹಿಡಿದು ಚಿತ್ರ ತೋರಿಸುವವರು ಕೈ ನಡುಗದ ಗಾಜಣ್ಣ; ಮೇಡಂ ನೆಲಮಹಡಿಯ ಸಭಾಕೊಠಡಿಯಲ್ಲಿ ಕಂಪ್ಯೂಟರ್ ಮುಂದೆ.

ಹಿಂದಿನ ದಿನ ಬರೀ ನೀರಿಟ್ಟುಕೊಂಡು ಒಂದು ತಾಲೀಮು ನಡೆಯಿತು. ಹುಡ್‌ನ ಫ್ಯಾನಿನ ಗುಂಯ್‌ಗುಟ್ಟುವಿಕೆಯಲ್ಲಿ ವಿದ್ಯಾರ್ಥಿನಿಯ ಮಾತೇ ಮುಳುಗಿಹೋಗಿತ್ತು. "ಏನೂ ಕೇಳಿಸ್ತಿಲ್ಲ ಕಣಮ್ಮ, ಜೇನುಗೂಡಿಗೆ ಫೋನಿಟ್ಟ ಹಾಗಿದೆ. ಏನಾದರೂ ಮಾಡಿ," ಎಂದರು ಮೇಡಂ. ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು. ಮಾತು ಸ್ಫಟಿಕದಂತೆ ಕೇಳಿಸಿತು.

"ಈಗ ಹೇಗಿದೆ ಮೇಡಂ?"

"ಚೆನ್ನಾಗಿದೆ. ನಾಳೆನೂ ಹೀಗೇ ಇರಲಿ."

ಏನು ಮಾಡಿದಿರಿ ಎಂದು ಅವರು ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಪ್ರತಿಯೊಂದನ್ನೂ ಮೂರು ಸಲ ಕೇಳಿದವರು ಅಂದು ಒಂದು ಸಲವೂ ಕೇಳಲಿಲ್ಲ. ನಡೆದದ್ದು ಇಷ್ಟೆ: ಹುಡ್‌ನ ಪಕ್ಕದಲ್ಲಿ ಫ್ಯಾನಿನ ವೇಗದ ಗುಂಡಿಯಿದೆ, ಗಾಜಣ್ಣ ಅದನ್ನು ಇಳಿಸಿದ್ದರು. ಬರೀ ನೀರಿನ ತಾಲೀಮು, ಅಪಾಯವೇನೂ ಇರಲಿಲ್ಲ. ಮೇಡಂ ಒಪ್ಪಿದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗೆರೆಯನ್ನೂ ಎಳೆದಿಟ್ಟರು.

ಮಾರನೆಯ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಸೇರಿತು. ವಿದ್ಯಾರ್ಥಿನಿ ಅರ್ಧ ಗಂಟೆ ಮೊದಲೇ ಫ್ಯಾನನ್ನು ಪೂರ್ತಿ ವೇಗದಲ್ಲಿ ಹಾಕಿ, ಕಾಗದ ಒಳಗೆ ವಾಲಿದ್ದನ್ನು ನೋಡಿ, ಕೈ ಒಳಗಿಟ್ಟಿದ್ದಳು. ನೇರ ಪ್ರಸಾರಕ್ಕೆ ಎರಡು ನಿಮಿಷವಿರುವಾಗ ಗಾಜಣ್ಣ ಗುಂಡಿಯನ್ನು ಗೆರೆಗೆ ತಂದರು. ಸದ್ದು ಇಳಿದದ್ದು ಅವಳಿಗೂ ತಿಳಿಯಿತು. ಅವಳ ಕಣ್ಣು ಕೈಯಲ್ಲಿದ್ದ ಟ್ಯೂಬಿನ ಮೇಲಿತ್ತು. ಮೇಡಂ ಹೇಳಿದ ಹಾಗೆ ಅಲ್ಲವೇ ಎಂದು ಅವಳೆಂದುಕೊಂಡಳು. ಗಾಜಣ್ಣನೂ ಅದನ್ನೇ ಅಂದುಕೊಂಡಿದ್ದರು. ಬೇರೆ ಯಾರ ಮಾತಾಗಿದ್ದರೂ ಇಬ್ಬರಲ್ಲಿ ಒಬ್ಬರು ಅನುಮಾನಪಡುತ್ತಿದ್ದರು.

ಮೇಡಂ ಪರಿಚಯದ ಮಾತುಗಳನ್ನು ಓದಿ ಮುಗಿಸಿ ತಲೆಯೆತ್ತಿದರು. ಪರದೆಯ ತುಂಬ ವಿದ್ಯಾರ್ಥಿನಿಯ ಕೈಗವಸು ತೊಟ್ಟ ಬೆರಳು, ಟ್ಯೂಬು, ಗಾಜಿನ ಅಂಚು. ಕೆಲಸ ಶುರುವಾಗಿ ಮೂರು ನಿಮಿಷವಾಗಿತ್ತು. ಟ್ಯೂಬಿನ ಮುಚ್ಚಳ ತೆರೆದಿತ್ತು. ಅಂಚಿನಲ್ಲಿ ಕಾಗದದ ಚೂರು ನೆಟ್ಟಗೆ ನೇತಾಡುತ್ತಿತ್ತು.

ಮೊದಲಿಗೆ ಕಣ್ಣು ನಂಬಲಿಲ್ಲ. ಚಿತ್ರ ಸ್ತಬ್ಧವಾಗಿದೆಯೇನೋ ಎಂದು ಅವರು ವಿದ್ಯಾರ್ಥಿನಿಯ ಬೆರಳನ್ನು ನೋಡಿದರು, ಬೆರಳು ಅಲ್ಲಾಡುತ್ತಿತ್ತು. ಮತ್ತೆ ಕಾಗದವನ್ನು ನೋಡಿದರು. ಅದು ಒಮ್ಮೆ ಹೊರಮುಖವಾಗಿ, ತೀರಾ ಸಣ್ಣದಾಗಿ, ಯಾರೋ ಒಳಗಿನಿಂದ ಊದಿದಂತೆ ಅಲುಗಿತು. ಆ ಟ್ಯೂಬಿನಲ್ಲಿದ್ದದ್ದು ಸಾಮಾನ್ಯ ಕ್ಷಯವಲ್ಲ. ಮುಖ್ಯವಾದ ಎರಡು ಔಷಧಿಗೆ ಬಗ್ಗದ್ದೆಂದು ಹದಿನೈದು ದಿನದ ಹಿಂದೆ ತಾವೇ ಸಹಿ ಹಾಕಿದ್ದರು.

ಅವರು ಇನ್ನೂ ಹತ್ತಿರ ಬಾಗಿದರು. ಹುಡ್‌ನ ಗಾಜಿನಲ್ಲಿ ಫೋನು ಹಿಡಿದವರ ಪ್ರತಿಬಿಂಬ ಮಸುಕಾಗಿ ಮೂಡಿತ್ತು. ಗಾಜಣ್ಣನ ಮಾಸ್ಕು ಗಲ್ಲಕ್ಕೆ ಇಳಿದಿತ್ತು. ಮಾಸ್ಕು ಹಾಕಿದರೆ ಕನ್ನಡಕಕ್ಕೆ ಆವಿ ಕಟ್ಟಿ ಫೋನಿನ ಪರದೆ ಕಾಣುತ್ತಿರಲಿಲ್ಲ. ನಾನೂರು ಜನಕ್ಕೆ ಚಿತ್ರ ಮಸುಕಾಗಬಾರದೆಂದು ಇಳಿಸಿಕೊಂಡಿದ್ದರು. ಅವರ ಬರಿಯ ಮುಖ ಆ ಸಂದಿನಿಂದ ಒಂದು ಮೊಳ ದೂರದಲ್ಲಿತ್ತು.

ಕೂಗೋಣವೆಂದರೆ ಮಾತು ಅಲ್ಲಿಗೆ ತಲುಪದು; ಪ್ರತಿಧ್ವನಿ ಬರುತ್ತದೆಂದು ಆ ಕಡೆಯ ಧ್ವನಿವರ್ಧಕವನ್ನು ಅಂದು ಬೆಳಿಗ್ಗೆ ಮೇಡಂ ಅವರೇ ಆರಿಸಿಟ್ಟಿದ್ದರು. ಓಡೋಣವೆಂದರೆ ಮೂರು ಮಹಡಿ, ಎರಡು ಬಾಗಿಲು. ಫೋನು ಮಾಡೋಣವೆಂದರೆ ಗಾಜಣ್ಣನ ಕೈಯಲ್ಲಿದ್ದದ್ದೇ ಆ ಫೋನು. ಅದು ಥಟ್ಟನೆ ಮೊಳಗಿ ಹುಡುಗಿ ಬೆಚ್ಚಿದರೆ, ತೆರೆದ ಟ್ಯೂಬು ಕೈ ಜಾರಿದರೆ, ಆ ಮೇಲೆ ಮಾಡುವುದೇನೂ ಉಳಿಯುವುದಿಲ್ಲ. ಅಕ್ಕ ಮುಚ್ಚಳ ತೆರೆದ ಆ ಮಧ್ಯಾಹ್ನದ ಬೆಳಕು ಕಣ್ಣ ಮುಂದೆ ಬಂದು ನಿಂತಿತೆಂದು ಮೇಡಂ ಮುಂದೆ ಹೇಳಿದ್ದುಂಟು.

ಉಳಿದದ್ದು ಒಂದೇ. ಫೋನಿನ ಪರದೆಯ ಕೆಳಗೆ ಸಭಿಕರ ಚಾಟ್ ಹರಿಯುತ್ತಿತ್ತು. ಮೇಡಂ ಅದರಲ್ಲಿ ಬರೆದರು: 'ಗಾಜಣ್ಣ, ಗಾಬರಿ ಬೇಡ. ಮಾಸ್ಕ್ ಮೇಲೆ. ಗುಂಡಿ ಪೂರ್ತಿ ತಿರುಗಿಸಿ. ಟ್ಯೂಬ್ ಮುಚ್ಚು ಅಂತ ಅವಳಿಗೆ ಮೆಲ್ಲಗೆ ಹೇಳಿ.' ಕಳಿಸಿದರು. ಅದು ಕಾಣಿಸಿಕೊಂಡ ಮರುಕ್ಷಣವೇ ಎಲ್ಲೆಲ್ಲಿಂದಲೋ 'ನಮಸ್ಕಾರ', 'ಧ್ವನಿ ಸ್ಪಷ್ಟವಾಗಿದೆ', 'ಅದ್ಭುತ' ಎಂಬ ಸಾಲುಗಳು ಬಂದು ಅದನ್ನು ಮೇಲಕ್ಕೆ ತಳ್ಳಿ ಅಳಿಸಿಹಾಕಿದವು. ಮತ್ತೆ ಕಳಿಸಿದರು. ಮತ್ತೆ ಹರಿದುಹೋಯಿತು.

ಮೇಡಂ ಮೈಕ್ ತೆರೆದರು. ನಾನೂರು ಜನರಿಗೆ ಅವರ ಸ್ವರ ಕೇಳಿಸಿತು, ಆ ಕೋಣೆಯ ಇಬ್ಬರನ್ನು ಬಿಟ್ಟು. "ದಯವಿಟ್ಟು ಯಾರೂ ಏನೂ ಬರೀಬೇಡಿ. ಒಂದಕ್ಷರವೂ ಬೇಡ. ಅಲ್ಲಿ ಒಬ್ಬರು ಓದಬೇಕಾಗಿದೆ."

ಚಾಟ್ ನಿಂತಿತು. ಮೂರನೆಯ ಸಲ ಕಳಿಸಿದ ಸಾಲು ನಿಂತಲ್ಲೇ ನಿಂತಿತು. ಪದ್ಯವನ್ನು ರಾಗವಾಗಿ ಓದುವವರು ಪಾದದ ಕೊನೆಗೆ ಬಂದು ನಿಲ್ಲಿಸಿದಾಗ, ಕೇಳುತ್ತ ಕೂತವರ ಉಸಿರೂ ಅಲ್ಲೇ ನಿಂತು ಮುಂದಿನ ಪಾದಕ್ಕೆ ಕಾಯುತ್ತದೆ. ಆ ದಿನ ನಾನೂರು ಜನರ ಉಸಿರು ಹಾಗೆ ನಿಂತಿತು. ಗಾಜಿನ ಪ್ರತಿಬಿಂಬದಲ್ಲಿ ಗಾಜಣ್ಣನ ಕಣ್ಣು ಕೆಳಗಿಳಿದದ್ದು ಕಂಡಿತು. ಆ ಮೇಲೆ ಅವರ ತುಟಿ ಅಲ್ಲಾಡತೊಡಗಿತು. ಗಾ. ಜ. ಣ್ಣ. ಮೇಡಂ ಕಲಿಸಿದ ಹಾಗೆ, ಅಕ್ಷರಕ್ಕೊಂದು ಉಸಿರು. ಒಂದೊಂದು ಅಕ್ಷರಕ್ಕೂ ಅವರು ಆ ಗಾಳಿಯನ್ನೇ ಒಳಗೆಳೆದುಕೊಳ್ಳುತ್ತಿದ್ದರು. ತಾವು ಬರೆದ ಸಾಲು ಎಷ್ಟು ಉದ್ದವಾಯಿತೆಂದು ಮೇಡಂಗೆ ಆಗ ಹೊಳೆಯಿತು. ಹತ್ತು ಮಾತು ಯಾಕೆ ಬರೆದೆ, ಎರಡು ಸಾಕಿತ್ತು. ತಾಯಿ ಹೇಳಿಕೊಟ್ಟ ಒಂದು ಪದ್ಯ ಅವರ ಬಾಯಿಗೆ ತಾನಾಗಿ ಬಂತು. ದೇವರೇ ಎಂಬ ಮಾತಿನಾಚೆಗೆ ಅದರ ಉಳಿದ ಸಾಲು ನೆನಪಾಗಲಿಲ್ಲ.

ಗಾಜಣ್ಣ ಕಿರುಚಲಿಲ್ಲ. ಫೋನು ಹಿಡಿದ ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಇನ್ನೊಂದು ಕೈ ಮಾಸ್ಕನ್ನು ಮೇಲೆಳೆಯಿತು, ಗುಂಡಿಯತ್ತ ಹೋಯಿತು. ಗುಂಯ್ ಎಂಬ ಸದ್ದು ಏರಿತು. ಕಾಗದದ ಚೂರು ಒಮ್ಮೆ ತಡವರಿಸಿ ಒಳಕ್ಕೆ ವಾಲಿತು. "ಮಗಾ, ಮುಚ್ಚಳ ಹಾಕಮ್ಮ. ನಿಧಾನಕ್ಕೆ. ಅವಸರ ಏನಿಲ್ಲ, ನಾನಿಲ್ಲೇ ಇದ್ದೀನಿ," ಎಂದ ಅವರ ಸ್ವರ ಆ ಸದ್ದಿನ ನಡುವೆಯೂ ಎಲ್ಲರಿಗೂ ಕೇಳಿಸಿತು. ಅವಳು ಮುಚ್ಚಿದಳು. ಇಬ್ಬರೂ ಹೊರಬಂದರು. ಬಾಗಿಲು ಮುಚ್ಚಿತು.

ಕಾಗದ ನೆಟ್ಟಗೆ ನಿಂತು ಒಟ್ಟು ಏಳು ನಿಮಿಷ.

ಸಹಸಂಚಾಲಕರಾಗಿದ್ದ ಪ್ರಾಧ್ಯಾಪಕರೊಬ್ಬರು ಆ ಗಳಿಗೆಯಲ್ಲೇ ಬೇರೆ ಫೋನಿನಲ್ಲಿ ಮೇಡಂಗೆ ಹೇಳಿದರು: "ನೆಟ್‌ವರ್ಕ್ ಹೋಯ್ತು ಅಂದ್ಬಿಡೋಣ ಮೇಡಂ. ರೆಕಾರ್ಡಿಂಗ್ ಕತ್ತರಿಸಿದ್ರಾಯ್ತು. ನಿಮ್ಮ ಹೆಸರಿಗೆ ಯಾಕೆ?"

"ನೆಟ್‌ವರ್ಕ್ ಏನೂ ತಪ್ಪು ಮಾಡಿಲ್ಲ," ಎಂದರು ಮೇಡಂ.

ಅವರು ಮೂರು ಮಹಡಿ ಹತ್ತಿ ಹೋಗಿ, ಇಬ್ಬರನ್ನೂ ನೋಡಿ, ರಕ್ತದ ಪರೀಕ್ಷೆಗೆ ವ್ಯವಸ್ಥೆ ಮಾಡಿ, ಒಂದೂವರೆ ಗಂಟೆಯ ಮೇಲೆ ಮತ್ತೆ ಪರದೆಯ ಮುಂದೆ ಕೂತಾಗ ನಾನೂರು ಜನರಲ್ಲಿ ಎದ್ದುಹೋದವರು ಹತ್ತು ಮಂದಿಯೂ ಇರಲಿಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರ ಬದಲಿಸದೆ ಇಲ್ಲಿ ಕೊಡಲಾಗಿದೆ. "ಇವತ್ತು ನೀವು ನೋಡಿದ್ದು ಹೇಗೆ ಮಾಡಬಾರದು ಅನ್ನೋದನ್ನ. ಗುಂಡಿ ಇಳಿಸಿದವರು ನನ್ನ ಮಾತು ಕೇಳಿ ಇಳಿಸಿದ್ರು. ನಾನು ಸದ್ದು ಬೇಡ ಅಂದೆ, ಸದ್ದು ಹೇಗೆ ಹೋಯ್ತು ಅಂತ ಕೇಳಲಿಲ್ಲ. ನನ್ನ ಹುಡುಗಿ ನನ್ನ ಅನುಮಾನಿಸಲಿಲ್ಲ, ಯಾಕಂದ್ರೆ ನಾನು ಅವಳಿಗೆ ಎಲ್ಲಾ ಕಲಿಸಿದೀನಿ, ನನ್ನ ಅನುಮಾನಿಸೋದೊಂದನ್ನ ಬಿಟ್ಟು. ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ಇದನ್ನ ಹೇಳಿ. ಈ ಚಿತ್ರ ಕತ್ತರಿಸಲ್ಲ." ಅದನ್ನು ಕತ್ತರಿಸಲಿಲ್ಲ. ಇಂದು ಹಲವಾರು ಪ್ರಯೋಗಾಲಯಗಳು ಹೊಸಬರಿಗೆ ಮೊದಲ ದಿನ ತೋರಿಸುವುದು ಆ ಏಳು ನಿಮಿಷವನ್ನು.

ಅಂದು ಸಂಜೆ ಮೇಡಂ ಗಾಜಣ್ಣನ ಮನೆಗೆ ತಾವೇ ಹೋಗಿ ಅವರ ಹೆಂಡತಿಗೆ ವಿಷಯ ತಿಳಿಸಿದರು. ಆಕೆ, "ಅಕ್ಕಾ, ನೀವೇ ಹೆದರಿಬಿಟ್ರೆ ನಾನೇನು ಮಾಡ್ಲಿ?" ಎಂದರು. ಮೇಡಂ ಸಮಾಧಾನದ ಮಾತು ಹುಡುಕಿದರು. ಅವರಿಗೆ ಸಿಕ್ಕದ್ದು ನಿಜವೊಂದೇ. "ಎರಡು ತಿಂಗಳು ಕಾಯಬೇಕು. ಆಗ ಗೊತ್ತಾಗತ್ತೆ."

ಎರಡು ತಿಂಗಳ ಬಳಿಕ ಬಂದ ಪರೀಕ್ಷೆಯಲ್ಲಿ ವಿದ್ಯಾರ್ಥಿನಿಗೆ ಏನೂ ಇರಲಿಲ್ಲ. ಅವಳ ಮಾಸ್ಕು ಮೂಗಿನ ಮೇಲೆಯೇ ಇತ್ತು. ಗಾಜಣ್ಣನದು ಬೇರೆ ಬಂತು. ಮೊದಲ ಪರೀಕ್ಷೆಯಲ್ಲಿ ಇಲ್ಲದ್ದು ಎರಡನೆಯದರಲ್ಲಿ ಇತ್ತು. ರೋಗವಲ್ಲ, ಆದರೆ ರೋಗಾಣು ಒಳಗೆ ಹೋಗಿ ಮಲಗಿದೆ; ಏಳುವುದೋ ಇಲ್ಲವೋ ಹೇಳಲಾಗದು, ಎದ್ದರೆ ಬಹುಪಾಲು ಎರಡು ವರ್ಷದೊಳಗೆ; ಸಕ್ಕರೆ ಕಾಯಿಲೆ ಇರುವವರಲ್ಲಿ ಏಳುವ ಸಂಭವ ಇನ್ನೂ ಹೆಚ್ಚು. ಮೇಡಂ ಈ ವರದಿಯನ್ನೂ ಕುರ್ಚಿ ಎಳೆದು, ನೀರು ಕೊಟ್ಟು ಓದಿ ಹೇಳಿದರು. ಗಾಜಣ್ಣ ನೀರು ಕುಡಿದು ಲೋಟವನ್ನು ಅಭ್ಯಾಸದಂತೆ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಈ ಕುರ್ಚಿ ಮೇಲೆ ನನ್ನ ಕೂರಿಸ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ ಮೇಡಂ," ಎಂದರು. ಮೇಡಂ ಅಳಬಾರದೆಂದುಕೊಂಡಿದ್ದರು, ಆಗಲಿಲ್ಲ.

ಆರು ತಿಂಗಳು ದಿನವೂ ಬೆಳಿಗ್ಗೆ ಗಾಜಣ್ಣ ಮಾತ್ರೆ ನುಂಗುವುದನ್ನು ಅವರು ಎದುರು ನಿಂತು ನೋಡಿದರು. ಮಾತ್ರೆಯಿಂದ ಗಂಟಲೆಲ್ಲ ಕಹಿ, ಮೊಣಕಾಲು ನೋವು. "ಬೆಳಿಗ್ಗೆ ಎದ್ರೆ ಮೊದಲು ನಿಮ್ಮ ಮುಖ, ಆಮೇಲೆ ಈ ಕಹಿ. ಯಾವುದು ವಾಸಿ ಹೇಳಿ," ಎಂದು ಅವರು ರೇಗಿಸುತ್ತಿದ್ದರು. ಮೂರು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ. ಪ್ರತಿಯೊಂದನ್ನೂ ಮೇಡಂ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ, ಮತ್ತೆ ಹಾಕಿ ಒಮ್ಮೆ ನೋಡುವರು. "ನನ್ನ ಎದೆಯೊಳಗೆ ನೀವು ನೋಡಿದಷ್ಟು ನನ್ನ ಹೆಂಡ್ತೀನೂ ನೋಡಿಲ್ಲ," ಎಂಬುದು ಗಾಜಣ್ಣನ ದೂರು. ಏಳು ಎಕ್ಸ್‌ರೇಗಳು ಶುಭ್ರವಾಗಿದ್ದವು. ಆ ಏಳೂ ದಿನ ಹೊರತಾಗಿ ಈ ಎರಡು ವರ್ಷದಲ್ಲಿ ಮೇಡಂ ನಿದ್ದೆ ಮಾಡಿದ್ದು ನಮಗೆ ಅನುಮಾನ.

ಈ ಲೇಖನವನ್ನು ಇಲ್ಲಿ ಸುಖವಾಗಿ ಮುಗಿಸಬಹುದಿತ್ತು. ಆದರೆ ಕಳೆದ ತಿಂಗಳು ಗಾಜಣ್ಣನಿಗೆ ಕೆಮ್ಮು ಬಂದಿದೆ.

ಅವರು ಅದನ್ನು ಎಂಟು ದಿನ ಮುಚ್ಚಿಟ್ಟಿದ್ದರು. ಮೇಡಂ ಅವರ ಬೀಳ್ಕೊಡುಗೆ ಹತ್ತಿರವಿದೆ, ಅದರ ಸಂತೋಷ ಕೆಡಬಾರದೆಂಬುದು ಅವರ ಲೆಕ್ಕಾಚಾರ. ಒಂಬತ್ತನೆಯ ದಿನ ಓಣಿಯಲ್ಲಿ ಆ ಸದ್ದು ಮೇಡಂ ಕಿವಿಗೆ ಬಿತ್ತು. "ಧೂಳಿಂದು ಮೇಡಂ, ಏನಾಗ—" ಎಂದು ಶುರುಮಾಡಿದ ಗಾಜಣ್ಣ ಅವರ ಮುಖ ನೋಡಿ ಮಾತನ್ನು ಅಲ್ಲೇ ನುಂಗಿಕೊಂಡರು. ಕಫ ತೆಗೆದದ್ದಾಯಿತು. ಬೇಗ ಫಲ ಕೊಡುವ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಎಕ್ಸ್‌ರೇಯಲ್ಲಿ ಬಲಗಡೆ ಒಂದು ಸಣ್ಣ ಮಬ್ಬಿದೆ. ಅದು ಹಳೆಯ ನೆಗಡಿಯದೂ ಇರಬಹುದು. ಖಚಿತವಾಗಿ ಹೇಳಬಲ್ಲದ್ದು ಸೀಸೆಯೊಂದೇ. ಅದರಲ್ಲಿ ಅಣುಜೀವಿ ಬೆಳೆಯುತ್ತದೋ ಇಲ್ಲವೋ ತಿಳಿಯಲು ನಲವತ್ತೆರಡು ದಿನ ಕಾಯಬೇಕು. ಮಾದರಿಯನ್ನು ಮೇಡಂ ತಾವೇ ಹುಡ್‌ನಲ್ಲಿ ಕೂತು, ಕಾಗದದ ಕಡೆ ಕಣ್ಣಿಟ್ಟು, ಎರಡು ಸೀಸೆಗಳಿಗೆ ಹಾಕಿದರು.

ಈ ಸಾಲುಗಳು ಅಚ್ಚಿಗೆ ಹೋಗುವ ಇಂದು ಇಪ್ಪತ್ತೆಂಟನೆಯ ದಿನ. ಬೆಳಿಗ್ಗೆಯೂ ಸಂಜೆಯೂ ಮೇಡಂ ಸೀಸೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆರೆದು ಎರಡು ಸೀಸೆಗಳನ್ನೂ ಬೆಳಕಿಗೆ ಹಿಡಿಯುತ್ತಾರೆ. ಮೂವತ್ತಾರು ವರ್ಷ ಸೀಸೆಯೊಳಗೆ ಬೆಳೆ ಬರಲೆಂದು, ಬಾರದಿದ್ದರೆ ಎಲ್ಲಿ ತಪ್ಪಿತೆಂದು ಕೊರಗಿದ ಕಣ್ಣು ಅದು. ಇದುವರೆಗೆ ಏನೂ ಕಾಣಿಸಿಲ್ಲ. ಅವರ ಕಡೆಯ ವಿದ್ಯಾರ್ಥಿನಿ ಪಕ್ಕದಲ್ಲಿ ನಿಂತು ಪ್ರತಿ ಸಲವೂ, "ಮೇಡಂ, ನಾನೂ ಒಮ್ಮೆ ನೋಡ್ತೀನಿ," ಎಂದು ಅವರ ಕೈಯಿಂದ ಸೀಸೆ ಇಸಿದುಕೊಂಡು ತಾನೇ ನೋಡುತ್ತಾಳೆ. ಅನುಮಾನಿಸುವುದನ್ನೂ ಅವಳು ಕಲಿತಿದ್ದಾಳೆ. ಗಾಜಣ್ಣ ಆ ಓಣಿಗೆ ಬರುವುದಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು ಮೇಡಂ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ ಕೆಳಗಿಳಿದು ಹೋಗುತ್ತಾರೆ.

ಮೇಡಂ ನಿವೃತ್ತರಾಗುವುದು ಮೂವತ್ತಮೂರನೆಯ ದಿನ. ಸೇವೆಯುದ್ದಕ್ಕೂ ಸಂಸ್ಥೆಯಿಂದ ಏನನ್ನೂ ಕೇಳದ ಅವರು ಈಚೆಗೆ ನಿರ್ದೇಶಕರಿಗೆ ಒಂದು ಅರ್ಜಿ ಕೊಟ್ಟಿದ್ದಾರೆ: ನಿವೃತ್ತಿಯ ನಂತರ ಒಂಬತ್ತು ದಿನ, ದಿನಕ್ಕೆ ಎರಡು ಸಲ, ಮೂರನೆಯ ಮಹಡಿಗೆ ಬರಲು ಅನುಮತಿ ಬೇಕು. ಅದು ಮಂಜೂರಾಗಿದೆ.

ಇಂಥ ಸಂಪುಟಗಳಲ್ಲಿ ಹಿರಿಯರಿಗೆ ನೂರು ವರ್ಷದ ಆಯುಸ್ಸನ್ನು ಕೋರುವುದು ಸಂಪ್ರದಾಯ. ಕೇಳುವವನು ಮೇಲಿದ್ದಾನೆ, ಕೋರುವುದನ್ನು ನಾವು ಬಿಡುವುದಿಲ್ಲ. ಆದರೆ ನೂರರ ಮಾತನ್ನು ಆಮೇಲೆ ಆಡೋಣ. ಸದ್ಯಕ್ಕೆ ಉಳಿದಿರುವ ಹದಿನಾಲ್ಕು ದಿನವನ್ನು ಅವರಿಗೂ ಗಾಜಣ್ಣನಿಗೂ ದೇವರು ನಡೆಸಿಕೊಡಲಿ. ನಮ್ಮ ಮೇಡಂ ಇನ್ನೂ ಬಹುಕಾಲ ಕೆಲಸ ಮಾಡಲಿ. ಆ ಎರಡು ಸೀಸೆಗಳಲ್ಲಿ ಮಾತ್ರ ಅವರ ಕೈಗೆ ಏನೂ ಸಿಗದಿರಲಿ.